ಬೇಲೂರು ಸೇತುವೆಯವರೆಗೆ

1892ರ ಫೆಬ್ರವರಿ 18ರಂದು ಮೈಸೂರು ಸಂಸ್ಥಾನಕ್ಕೂ ಮದರಾಸು ಸರ್ಕಾರಕ್ಕೂ ನಡುವೆ ಒಂದು ಒಪ್ಪಂದವಾಯಿತು. ಕಾವೇರಿಯ ಗಲಾಟೆ ಎದ್ದಾಗಲೆಲ್ಲ ಈ ಇಸವಿ ನಮ್ಮ ಕಿವಿಗೆ ಬೀಳುತ್ತದೆ. ಆದರೆ ಒಪ್ಪಂದದೊಳಗೆ ಏನಿದೆ ಎಂದು ಓದಿ ನೋಡಿದವರು ಕಡಿಮೆ. ಅದಕ್ಕೆ ಪಟ್ಟಿಗಳು ಲಗತ್ತಾಗಿವೆ. ಮೊದಲನೆಯದರಲ್ಲಿ ಹದಿನೈದು ದೊಡ್ಡ ನದಿಗಳ ಹೆಸರು. ತುಂಗಭದ್ರೆಯಿಂದ ಶುರುವಾಗಿ ತುಂಗಾ, ಭದ್ರಾ, ವೇದಾವತಿ, ಪಾಲಾರ್, ಕಾವೇರಿ, ಹೇಮಾವತಿ ಎಂದು ಸಾಗುವ ಆ ಪಟ್ಟಿ ಹದಿನೈದನೆಯ ಹೆಸರಿಗೆ ಬಂದು ನಿಲ್ಲುತ್ತದೆ. ಆ ಹೆಸರು ಯಗಚಿ. ಅದರ ಪಕ್ಕದಲ್ಲಿ ಕಂಸದೊಳಗೆ ಒಂದು ಸಣ್ಣ ಮಾತು: ಬೇಲೂರು ಸೇತುವೆಯವರೆಗೆ.

ಚೆನ್ನಕೇಶವನ ಊರಿನ ಸೇತುವೆಯೊಂದು ಎರಡು ಸರ್ಕಾರಗಳ ನಡುವಿನ ಕರಾರಿನಲ್ಲಿ ಗಡಿಕಲ್ಲಾಗಿ ನಿಂತದ್ದು ನನಗೆ ಬಹಳ ದಿನ ಸೋಜಿಗವಾಗಿತ್ತು. ಬಾಬಾಬುಡನ್‌ಗಿರಿಯ ಕಡೆಯಿಂದ ಇಳಿದು ಬರುವ ಯಗಚಿ ಬೇಲೂರನ್ನು ಹಾಯ್ದು ಮುಂದೆ ಗೊರೂರಿನ ಬಳಿ ಹೇಮಾವತಿಯನ್ನು ಸೇರುತ್ತದೆ. ಆ ಹೇಮಾವತಿ ಕಾವೇರಿಯನ್ನು ಸೇರುತ್ತದೆ, ಕಾವೇರಿ ತಂಜಾವೂರಿಗೆ ಹೋಗುತ್ತದೆ. ಕರಾರಿನ ಕಣ್ಣಿನಲ್ಲಿ ಸೇತುವೆಯಿಂದ ಕೆಳಗಿನ ಯಗಚಿ ದೊಡ್ಡ ನದಿ, ಮೇಲಿನದು ಆ ಪಟ್ಟಿಗೆ ಸೇರದ ಹೊಳೆ. ನೀರಿಗೇನೂ ಗೊತ್ತಿಲ್ಲ. ಸೇತುವೆಯ ಮೇಲೆ ನಿಂತವನಿಗೂ ಗೊತ್ತಾಗುವುದಿಲ್ಲ. ಆದರೆ ಮದರಾಸಿನ ಕಛೇರಿಗೆ ಗೊತ್ತಿತ್ತು.

ಆ ಕರಾರು ಮುಖ್ಯವಾಗಿ ಕೆರೆಗಳ ಬಗ್ಗೆ. ನಾವು ಕಾವೇರಿ ಎಂದರೆ ಕೃಷ್ಣರಾಜಸಾಗರವನ್ನೂ ಮೆಟ್ಟೂರನ್ನೂ ನೆನೆಯುತ್ತೇವೆ. 1892ರಲ್ಲಿ ಅವೆರಡೂ ಇರಲಿಲ್ಲ. ಇದ್ದದ್ದು ಊರೂರಿನ ಕೆರೆಗಳು. ಮೈಸೂರಿನ ಮುಖ್ಯ ಎಂಜಿನಿಯರ್ ಆಗಿದ್ದ ಸ್ಯಾಂಕಿ 1860ರ ದಶಕದಲ್ಲೇ ಒಂದು ಮಾತು ಬರೆದಿದ್ದ: ಈ ಸೀಮೆಯಲ್ಲಿ ಹೊಸದಾಗಿ ಕೆರೆ ಕಟ್ಟಲು ಜಾಗ ಹುಡುಕಬೇಕೆಂದರೆ ಬಹಳ ಜಾಣತನ ಬೇಕು, ಕಟ್ಟಬಹುದಾದ ಕಡೆಯೆಲ್ಲ ಜನ ಆಗಲೇ ಕಟ್ಟಿಬಿಟ್ಟಿದ್ದಾರೆ ಎಂಬ ಅರ್ಥದ್ದು. ಹಾಗಾದರೆ ಮೈಸೂರು ಮಾಡಬೇಕಾಗಿದ್ದ ದೊಡ್ಡ ಕೆಲಸ ಹಳೆಯ ಕೆರೆಗಳ ಹೂಳೆತ್ತುವುದು, ಒಡೆದ ಏರಿ ಕಟ್ಟುವುದು. ಕೆಳಗಿನ ಮದರಾಸಿಗೆ ಆತಂಕ ಹುಟ್ಟಿಸಿದ್ದೂ ಇದೇ. ಮೇಲಿನವರು ಒಂದೊಂದು ಕೆರೆಯನ್ನು ತುಂಬಿಸಿಕೊಳ್ಳುತ್ತ ಹೋದರೆ ತಮ್ಮ ಗದ್ದೆಗೆ ಏನು ಉಳಿಯುತ್ತದೆ ಎಂಬ ಚಿಂತೆ. 1890ರಲ್ಲಿ ಊಟಿಯಲ್ಲಿ ಎರಡೂ ಕಡೆಯವರು ಕೂತು ಮಾತಾಡಿದರು. ಆಗ ಮೈಸೂರಿನ ದಿವಾನರಾಗಿದ್ದವರು ಶೇಷಾದ್ರಿ ಅಯ್ಯರ್.

ಮಾತು ಶುರುವಾದ ಮೇಲೆ ಮೊದಲು ಬಂದದ್ದು ತೀರ ಸರಳವಾದ ಪ್ರಶ್ನೆ. ಕೆರೆ ಎಂದರೇನು? ಯಾವುದು ಹಳೆಯ ಕೆರೆ, ಯಾವುದು ಹೊಸದು?

ಕರಾರು ಕೊಟ್ಟ ಉತ್ತರದ ಸಾರಾಂಶ ಹೀಗಿದೆ. ಹಿಂದೆ ಎಂದೂ ಇಲ್ಲದ ಕೆರೆ ಹೊಸ ಕೆರೆ. ಇದರಲ್ಲಿ ತಕರಾರಿಲ್ಲ. ಹಿಂದೆ ಇದ್ದು, ಕೈಬಿಟ್ಟುಹೋಗಿ, ಮೂವತ್ತು ವರ್ಷಕ್ಕಿಂತ ಹೆಚ್ಚು ಕಾಲ ಬಳಕೆಯಲ್ಲಿಲ್ಲದ ಕೆರೆಯೂ ಹೊಸ ಕೆರೆಯೇ. ಪಟ್ಟಿಯಲ್ಲಿರುವ ನದಿಗಳಿಗೆ ಅಡ್ಡಲಾಗಿ, ಹೆಸರಿಸಿದ ಹಳ್ಳಗಳ ಗೊತ್ತಾದ ಜಾಗದಿಂದ ಕೆಳಗೆ, ಗುರುತಿಸಿದ ಜಲಾನಯನಗಳಲ್ಲಿ ಇಂಥ ಹೊಸ ಕೆರೆಯನ್ನು ಮದರಾಸಿನ ಒಪ್ಪಿಗೆಯಿಲ್ಲದೆ ಮೈಸೂರು ಕಟ್ಟುವಂತಿಲ್ಲ. ಹಳೆಯ ಕೆರೆಯ ದುರಸ್ತಿಗೆ ಅಡ್ಡಿಯಿಲ್ಲ. ಕೋಡಿಯನ್ನು ಎತ್ತರಿಸಬಹುದು, ಆದರೆ ನಿಲ್ಲುವ ನೀರೋ ನೀರುಣ್ಣುವ ಜಮೀನೋ ಮೊದಲಿಗಿಂತ ಹೆಚ್ಚಬಾರದು. ಕರಾರು ಏಕಪಕ್ಷೀಯವಾಗಿತ್ತು ಎಂದು ಪೂರ್ತಿ ಹೇಳಲೂ ಆಗದು. ಈಗಾಗಲೇ ರೂಢಿಯಿಂದ ಬಂದ ಹಕ್ಕನ್ನು ಕಾಯುವುದಕ್ಕಲ್ಲದೆ ಬೇರೆ ಕಾರಣಕ್ಕೆ ಒಪ್ಪಿಗೆ ನಿರಾಕರಿಸಬಾರದೆಂದು ಮದರಾಸನ್ನೂ ಅದು ಕಟ್ಟಿಹಾಕಿತ್ತು.

ಆದರೂ ಆ ಮೂವತ್ತು ವರ್ಷದ ಲೆಕ್ಕ ನನ್ನನ್ನು ಬಿಡುವುದಿಲ್ಲ. ಕರಾರಿನ ದಿನದಿಂದ ಹಿಂದಕ್ಕೆ ಎಣಿಸಿದರೆ 1862. ಅದಕ್ಕೂ ಮೊದಲೇ ಏರಿ ಒಡೆದು ಪಾಳುಬಿದ್ದ ಕೆರೆ ಕಾಗದದಲ್ಲಿ ಕೆರೆಯೇ ಅಲ್ಲ. 1831ರಿಂದ 1881ರವರೆಗೆ ಮೈಸೂರನ್ನು ಆಳಿದವರು ಬ್ರಿಟಿಷ್ ಕಮಿಷನರುಗಳು. ಅವರ ಕಾಲದ ಮೊದಲ ಮೂವತ್ತು ವರ್ಷದಲ್ಲಿ ಕೈಬಿಟ್ಟುಹೋದ ಕೆರೆಯನ್ನು, ರಾಜ್ಯ ಮರಳಿ ಪಡೆದ ಅರಸರು ಸರಿಪಡಿಸಹೊರಟರೆ ಅದು ಹೊಸ ಕಾಮಗಾರಿ, ಕೇಳಿ ಮಾಡಬೇಕಾದದ್ದು. ಊರಿನವರಿಗೆ ಮಾತ್ರ ಅದು ಅಜ್ಜನ ಕಾಲದ ಕೆರೆ. ಅದಕ್ಕೊಂದು ಹೆಸರಿದೆ, ಅದರ ಕೆಳಗಿನ ಬಯಲಿಗೆ ಕೆರೆಯ ಹೆಸರೇ ಇದೆ, ನೀರುಗಂಟಿಯ ಮನೆತನವೂ ಊರಲ್ಲೇ ಇದೆ. ನೀರು ಮಾತ್ರ ಇಲ್ಲ.

ಇಲ್ಲಿ ಸ್ವಲ್ಪ ದೂರ ಹೋಗಿ ಬರೋಣ. ಊಟಿಯಲ್ಲಿ ಸಭೆ ಕೂತ ಅದೇ 1890ರಲ್ಲಿ ಬ್ರಿಟಿಷರೂ ಜರ್ಮನರೂ ಆಫ್ರಿಕಾದ ಗಡಿಗಳನ್ನು ಹಂಚಿಕೊಳ್ಳುವ ಒಪ್ಪಂದಕ್ಕೆ ಸಹಿ ಹಾಕಿದರು. ಅಲ್ಲಿನ ಒಂದು ಮಹಾಸರೋವರದಲ್ಲಿ ಗಡಿಯನ್ನು ನೀರಿನ ನಡುವೆ ಎಳೆಯದೆ ಪೂರ್ವದ ದಡಕ್ಕೆ ತಂದಿಟ್ಟರು. ಅದಕ್ಕೆ ಮೂವತ್ತೊಂದು ವರ್ಷ ಮೊದಲು, 1859ರಲ್ಲಿ, ಲಿವಿಂಗ್‌ಸ್ಟನ್ ಅಲ್ಲಿಗೆ ಹೋದಾಗ ಕೇಳಿಸಿಕೊಂಡ ಹೆಸರು ನ್ಯಾಸಾ. ಸ್ಥಳೀಯ ಮಾತಿನಲ್ಲಿ ಅದರ ಅರ್ಥವೇ ಸರೋವರ. ಹೀಗಾಗಿ ನಕ್ಷೆಯಲ್ಲಿ ಅದು 'ಸರೋವರ ಸರೋವರ'ವಾಯಿತು. ಇಂದು ಮೂರು ದೇಶಗಳು ಅದರ ದಡದಲ್ಲಿವೆ. ಟಾಂಜಾನಿಯಾದವರಿಗೆ ಅದು ನ್ಯಾಸಾ, ಮೊಜಾಂಬಿಕ್‌ನವರಿಗೆ ನಿಯಾಸಾ, 1964ರಲ್ಲಿ ಸ್ವತಂತ್ರವಾದ ಮಲಾವಿಯವರಿಗೆ ಮಲಾವಿ ಸರೋವರ. 1890ರ ಕಾಗದದ ಪ್ರಕಾರ ಆಚೆ ದಡದವರೆಗಿನ ನೀರು ತನ್ನದೆಂದು ಮಲಾವಿ ಹೇಳುತ್ತದೆ. ನಡುನೀರು ಗಡಿಯೆಂದು ಟಾಂಜಾನಿಯಾ ಹೇಳುತ್ತದೆ. ಹೆಸರಿನ ಜಗಳ ಎಂದು ಕಾಣುವುದು ಆಳದಲ್ಲಿ ಮೀನಿನ, ದೋಣಿಯ, ತಳದಲ್ಲಿರಬಹುದಾದ ಎಣ್ಣೆಯ ಜಗಳ.

ನಮ್ಮ ಕೆರೆಗಳು ಅಷ್ಟು ದೊಡ್ಡವಲ್ಲ. ಅವುಗಳ ನೀರಿನ ಹರವು ಒಂದೆರಡು ಊರಿನ ಎಲ್ಲೆ ದಾಟಿದರೆ ಹೆಚ್ಚು. ಆದರೆ ಕೆರೆ ಎಂದರೆ ನೀರಿನ ಹರವು ಮಾತ್ರವೇ? ನಮ್ಮ ಕಡೆ ಕೆರೆಯನ್ನು ಬಣ್ಣಿಸುವಾಗ ಎಷ್ಟು ಎಕರೆ ಎಂದು ಮೊದಲು ಹೇಳುವುದಿಲ್ಲ. ಏರಿ ಎಷ್ಟು ಉದ್ದ, ತೂಬು ಎಷ್ಟು, ಕೋಡಿ ಯಾವ ಕಡೆ, ಅಚ್ಚುಕಟ್ಟು ಎಲ್ಲಿಯವರೆಗೆ ಎಂದು ಹೇಳುತ್ತೇವೆ. ಮೇಲಿನ ಕೆರೆಯ ಕೋಡಿ ಬಿದ್ದರೆ ಕೆಳಗಿನ ಕೆರೆಗೆ ನೀರು. ಶಾಸನಗಳಲ್ಲಿಯೂ ಕೆರೆ ಹೀಗೆಯೇ ಬರುತ್ತದೆ: ಕಟ್ಟಿಸಿದವರು ಯಾರು, ಅದರ ಉಸ್ತುವಾರಿಗೆ ಬಿಟ್ಟ ಬಿತ್ತುವಟ್ಟದ ಭೂಮಿ ಯಾವುದು, ದಾನಕೊಟ್ಟ ಹೊಲದ ಯಾವ ದಿಕ್ಕಿಗೆ ಕೆರೆಯಿದೆ. ಈ ಲೆಕ್ಕದಲ್ಲಿ ಪ್ರತಿ ಕೆರೆಯೂ ಒಂದು ಗಡಿಯನ್ನು ದಾಟಿಯೇ ಇರುತ್ತದೆ. ಮದರಾಸಿನವರು ಸುಮ್ಮನೆ ಹೆದರಿರಲಿಲ್ಲ. ಬೇಲೂರಿನ ಕೆರೆಯ ಇನ್ನೊಂದು ತುದಿ ತಮ್ಮ ಗದ್ದೆಯಲ್ಲಿದೆ ಎಂದು ಅವರಿಗೆ ತಿಳಿದಿತ್ತು.

ಹೆಸರಿನ ವಿಚಾರಕ್ಕೆ ಬಂದರೆ ಈ ಸೀಮೆಯಷ್ಟು ಕೆರೆಗೆ ಋಣಿಯಾದದ್ದು ಇನ್ನೊಂದಿಲ್ಲ. ಅರಸಿಕೆರೆ ಅರಸಿಯೊಬ್ಬಳ ಕೆರೆ. ಶಾಸನಗಳಲ್ಲಿ ಆ ಊರಿಗೆ ಬಲ್ಲಾಳಪುರ ಎಂಬ ಗತ್ತಿನ ಹೆಸರೂ ಇತ್ತು. ದೊರೆಯ ಹೆಸರು ಕಲ್ಲಿನಲ್ಲಿ ಉಳಿಯಿತು, ಕೆರೆಯ ಹೆಸರು ಬಾಯಲ್ಲಿ ಉಳಿದು ರೈಲು ನಿಲ್ದಾಣದ ಹಲಗೆಯವರೆಗೆ ಬಂತು. ಬೇಲೂರಿನಲ್ಲಿ ವಿಷ್ಣುಸಮುದ್ರವಿದೆ. ಹಳೇಬೀಡಿನಲ್ಲಿ ದೋರಸಮುದ್ರ. ಕಡಲನ್ನೇ ಕಾಣದ ಒಳನಾಡಿನವರು ತಮ್ಮ ಕೆರೆಯನ್ನು ಸಮುದ್ರವೆಂದರು, ಆ ಸಮುದ್ರದ ಹೆಸರನ್ನೇ ರಾಜಧಾನಿಗೂ ಇಟ್ಟರು.

ಆ ಒಂದು ಹೆಸರು ಎಷ್ಟು ಗಡಿ ದಾಟಿತು ನೋಡಿ. ಊರಿನವರ ಬಾಯಲ್ಲಿ, ಕನ್ನಡ ಶಾಸನಗಳಲ್ಲಿ ದೋರಸಮುದ್ರ. ಸಂಸ್ಕೃತದ ಕೈಗೆ ಸಿಕ್ಕಿ ದ್ವಾರಸಮುದ್ರ. ಹೊಯ್ಸಳ ದೊರೆಗಳು ಯದುವಂಶದವರೆಂದು ಹೇಳಿಕೊಳ್ಳುತ್ತಿದ್ದುದರಿಂದ ಕೃಷ್ಣನ ದ್ವಾರಕೆಯ ನೆನಪಿಗೆ ಅವರ ಬಿರುದಿನಲ್ಲಿ 'ದ್ವಾರಾವತೀಪುರವರಾಧೀಶ್ವರ'. 1311ರಲ್ಲಿ ಮಲಿಕ್ ಕಾಫೂರನ ದಂಡು ಬಂದು ಹೋಯಿತು, ದೆಹಲಿಯಲ್ಲಿ ಕೂತ ಅಮೀರ್ ಖುಸ್ರೋ ಆ ದಂಡಯಾತ್ರೆಯ ವರದಿಯನ್ನು ಪಾರಸಿಯಲ್ಲಿ ಬರೆಯುವಾಗ ಅದು ಧೂರ್ ಸಮುಂದರ್ ಆಯಿತು. ಹೊರಗಿನವನ ಲೇಖನಿಯಲ್ಲೂ ಕೆರೆ ಸಮುದ್ರವಾಗಿಯೇ ಉಳಿಯಿತು.

ಆಮೇಲೆ ದೆಹಲಿಯ ದಂಡು ಮತ್ತೊಮ್ಮೆ ಬಂತು. ಮುಮ್ಮಡಿ ಬಲ್ಲಾಳ ತಿರುವಣ್ಣಾಮಲೆಯ ಕಡೆ ನೆಲೆ ಹುಡುಕಿದ. ಮಧುರೆಯ ಸುಲ್ತಾನರ ಮೇಲಿನ ಯುದ್ಧದಲ್ಲಿ ಅವನ ಕಥೆ ಮುಗಿಯಿತು. ದೊರೆ ಇಲ್ಲದ ಊರು ಹಳೆಯ ಬೀಡಾಯಿತು, ಹಳೇಬೀಡು ಎಂಬುದೇ ಹೆಸರಾಯಿತು. ಕೆರೆಯಿಂದ ಹೆಸರು ಪಡೆದ ಊರು ತನ್ನ ಹೆಸರು ಕಳೆದುಕೊಂಡಾಗ ಕೆರೆಯೂ ಕಳೆದುಕೊಂಡಿತು. ಈಗ ಸುತ್ತಲಿನವರು ಅದನ್ನು ಹಳೇಬೀಡು ಕೆರೆ ಎನ್ನುತ್ತಾರೆ. ದ್ವಾರಸಮುದ್ರ ಕೆರೆ ಎಂದು ಬರೆಯುವವರೂ ಇದ್ದಾರೆ. ಸಮುದ್ರದ ಮುಂದೆ ಮತ್ತೆ ಕೆರೆ, ನ್ಯಾಸಾ ಸರೋವರದ ಹಾಗೆಯೇ.

ಸರ್ಕಾರ ಇಡುವ ಹೆಸರು ಬೇರೆ, ಜನ ಕರೆಯುವ ಹೆಸರು ಬೇರೆ. ಶಾಂತಿಸಾಗರವನ್ನು ಜನ ಸೂಳೆಕೆರೆ ಎಂದೇ ಕರೆಯುತ್ತಾರೆ. ವಾಣಿವಿಲಾಸ ಸಾಗರ ಇಂದಿಗೂ ಮಾರಿಕಣಿವೆ, ಕೃಷ್ಣರಾಜಸಾಗರ ಕನ್ನಂಬಾಡಿ. ಕಟ್ಟಿಸಿದವರ ನೆನಪು ಒಂದು ಹೆಸರಿನಲ್ಲಿ, ಜಾಗದ ನೆನಪು ಇನ್ನೊಂದರಲ್ಲಿ. ಎರಡೂ ಬೇಕು. ಆದರೆ ನೀರಿನ ಪಾಲಿನ ಮಾತು ಬಂದಾಗ ಕಛೇರಿಯ ಹೆಸರು, ಕಛೇರಿಯ ವರ್ಣನೆಯೇ ನಡೆಯುತ್ತದೆ. 1892ರ ಮೂವತ್ತು ವರ್ಷದ ಲೆಕ್ಕ ಅಂಥ ವರ್ಣನೆ.

ಕನ್ನಂಬಾಡಿಯ ಸಮಯದಲ್ಲಿ ಜಗಳ ಪಂಚಾಯ್ತಿಗೆ ಹೋಯಿತು. ಅದು ಮುಗಿದು ಹೊಸ ಒಪ್ಪಂದಕ್ಕೆ ಸಹಿ ಬಿದ್ದದ್ದು 1924ರಲ್ಲಿ, ಅದೂ ಫೆಬ್ರವರಿ 18ರಂದೇ. ಆಮೇಲೆ ಸಂಸ್ಥಾನಗಳು ಹೋದವು, 1956ರಲ್ಲಿ ರಾಜ್ಯಗಳ ಗಡಿ ಬದಲಾಯಿತು, 1990ರಲ್ಲಿ ಕಾವೇರಿ ನ್ಯಾಯಮಂಡಳಿ ಬಂತು, 2007ರಲ್ಲಿ ಅದರ ಅಂತಿಮ ತೀರ್ಪು, 2018ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ಬಂತು. ಬೇಲೂರಿನ ಬಳಿ ಯಗಚಿಗೆ ಅಣೆಕಟ್ಟೂ ಬಂತು.

ಪ್ರಶ್ನೆ ಮಾತ್ರ ಹಾಗೆಯೇ ಇದೆ. ಯಗಚಿಗೆ ರಣಘಟ್ಟದಲ್ಲಿ ಒಂದು ಒಡ್ಡು ಕಟ್ಟಿ, ಕಾಲುವೆಯಲ್ಲಿ ನೀರನ್ನು ಹಳೇಬೀಡಿನ ಕೆರೆಗೆ ತಂದದ್ದು ಹೊಯ್ಸಳರ ಕಾಲದ ಕೆಲಸವೆಂದು ಈ ಕಡೆಯವರು ತಲೆಮಾರಿನಿಂದ ಹೇಳುತ್ತ ಬಂದಿದ್ದಾರೆ. ಹಳೇಬೀಡು, ಮಾದಿಹಳ್ಳಿ ಕಡೆಯ ರೈತರು ಆ ನೀರಿಗಾಗಿ ವರ್ಷಗಟ್ಟಲೆ ಹೋರಾಟ ಮಾಡಿದ್ದಾರೆ. ಅವರು ಕೇಳುವುದು ಹೊಸ ಯೋಜನೆಯನ್ನಲ್ಲ, ಇದ್ದದ್ದನ್ನು ಮತ್ತೆ ನಡೆಸಿ ಎಂದು. ಕಡತದಲ್ಲಿ ಮಾತ್ರ ಅದು ಹೊಸ ಯೋಜನೆಯೇ: ಅಂದಾಜುಪಟ್ಟಿ, ಮಂಜೂರಾತಿ, ಟೆಂಡರು. ಮೂವತ್ತು ವರ್ಷ ನೀರು ಹರಿಯದಿದ್ದರೆ ಕಾಲುವೆ ಕಾಲುವೆಯಲ್ಲ ಎಂದು ಈಗ ಯಾರೂ ಬರೆದಿಟ್ಟಿಲ್ಲ. ಆದರೂ ಆ ಬುದ್ಧಿ ನಮ್ಮ ಕಛೇರಿಗಳಲ್ಲಿ ಉಳಿದಿದೆ. ಬತ್ತಿದ ಕೆರೆಯ ಅಂಗಳದಲ್ಲಿ ಬಸ್ ನಿಲ್ದಾಣವೋ ಬಡಾವಣೆಯೋ ಏಳುವುದು ಇದೇ ಬುದ್ಧಿಯಿಂದ. ಮದರಾಸಿನವರು ನಮ್ಮ ಮೇಲೆ ಹೇರಿದರು ಎಂದು ನಾವು ಸಿಟ್ಟಾಗುವ ವ್ಯಾಖ್ಯೆಯನ್ನು ನಮ್ಮ ಕೆರೆಗಳ ಮೇಲೆ ನಾವೇ ಹೇರಿಕೊಂಡಿದ್ದೇವೆ.

2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ದೇವಾಲಯಗಳು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಹೊಯ್ಸಳೇಶ್ವರನ ಗುಡಿ ಇರುವುದು ಕೆರೆಯ ಮಗ್ಗುಲಲ್ಲಿ. ಬಂದವರು ಗುಡಿಗೆ ಒಂದು ಸುತ್ತು ಬಂದು, ಮದನಿಕೆಯರನ್ನೂ ಆನೆಯ ಸಾಲನ್ನೂ ನೋಡಿ ಹೊರಡುತ್ತಾರೆ. ಕೆರೆಯ ಕಡೆ ತಿರುಗುವವರು ಕಡಿಮೆ. ಮುಂದಿನ ಸಲ ಹೋದಾಗ ಏರಿಯ ಮೇಲೆ ಸ್ವಲ್ಪ ದೂರ ನಡೆದು ನೋಡಿ. ದನ ಮೇಯಿಸುವ ಹುಡುಗನನ್ನು ಇದು ಯಾವ ಕೆರೆ ಎಂದು ಕೇಳಿ. ಅವನು ನಿಮ್ಮನ್ನು ವಿಚಿತ್ರವಾಗಿ ನೋಡಿ, "ನಮ್ಮೂರ ಕೆರೆ" ಎಂದಾನು. ಎರಡು ಸರ್ಕಾರಗಳು ಎರಡು ವರ್ಷ ಕೂತು ಬರೆದ ವರ್ಣನೆಯಲ್ಲಿ ಆ ಎರಡು ಮಾತಿಗೆ ಜಾಗ ಸಿಕ್ಕಿರಲಿಲ್ಲ.