ನೆಲದೊಳಗಿನ ಪೆಟ್ರೋಲ್ ಮತ್ತು ಆಮ್ಲಜನಕದ ಬರ

1970ರ ದಶಕದ ಆರಂಭದಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ಆಂಬ್ಲರ್ ಬಳಿ ಕೊಳವೆಮಾರ್ಗವೊಂದು ಸೋರಿ ಪೆಟ್ರೋಲ್ ಅಂತರ್ಜಲ ಸೇರಿತು. ತೇಲುತ್ತಿದ್ದ ಇಂಧನವನ್ನು ಪಂಪಿನಿಂದ ಮೇಲೆತ್ತಿದ್ದಾಯಿತು. ನೆಲದಡಿಯ ಸಂದಿಗಳಲ್ಲಿ ಅಂಟಿಕೊಂಡದ್ದು ಮಾತ್ರ ಜಪ್ಪಯ್ಯ ಎಂದರೂ ಬರಲಿಲ್ಲ. ಸನ್ ಆಯಿಲ್ ಕಂಪನಿಯ ರಿಚರ್ಡ್ ರೇಮಂಡ್ ಅಲ್ಲಿಗೆ ಹೊಸ ಬ್ಯಾಕ್ಟೀರಿಯಾ ಒಯ್ಯಲಿಲ್ಲ. ಅಲ್ಲೇ ಇದ್ದ ಜೀವಿಗಳಿಗೆ ಸಾರಜನಕ ಮತ್ತು ರಂಜಕದ ಲವಣಗಳನ್ನೂ ಗಾಳಿಯನ್ನೂ ಬಾವಿಗಳ ಮೂಲಕ ಉಣಿಸಿದರು. 1974ರಲ್ಲಿ ಈ ವಿಧಾನಕ್ಕೆ ಪೇಟೆಂಟ್ ದೊರೆಯಿತು.

ಗಾಳಿಯೇ ಏಕೆ? ಲೆಕ್ಕ ಸರಳ. ಪೆಟ್ರೋಲಿನ ಅತಿ ಅಪಾಯಕಾರಿ ಅಂಶಗಳಲ್ಲೊಂದಾದ ಬೆಂಜೀನ್ ಕ್ಯಾನ್ಸರ್‌ಕಾರಕ. ಅದರ ಒಂದು ಗ್ರಾಂ ಪೂರ್ತಿ ಇಂಗಾಲದ ಡೈಆಕ್ಸೈಡ್ ಮತ್ತು ನೀರಾಗಲು ಸುಮಾರು 3 ಗ್ರಾಂ ಆಮ್ಲಜನಕ ಬೇಕು. ಗಾಳಿ ಸೋಕಿದ ಒಂದು ಲೀಟರ್ ನೀರಿನಲ್ಲಿ ಕರಗಿರುವ ಆಮ್ಲಜನಕ ಸಾಮಾನ್ಯವಾಗಿ 8–10 ಮಿಲಿಗ್ರಾಂ. ಅಷ್ಟರಿಂದ ವಿಘಟನೆಯಾಗುವ ಬೆಂಜೀನ್ ಸುಮಾರು 3 ಮಿಲಿಗ್ರಾಂ ಅಷ್ಟೇ. ಸೂಡೋಮೊನಾಸ್ ಜಾತಿಯ ಬ್ಯಾಕ್ಟೀರಿಯಾಗಳು ತಮ್ಮ ಕಿಣ್ವಗಳಿಂದ ಬೆಂಜೀನಿನ ಉಂಗುರಕ್ಕೆ ಆಮ್ಲಜನಕ ಸೇರಿಸಿ, ಅದನ್ನು ಕ್ಯಾಟೆಕಾಲ್ ಎಂಬ ಸಂಯುಕ್ತವಾಗಿಸಿ, ಆಮೇಲೆ ಉಂಗುರ ಒಡೆಯುತ್ತವೆ. ಮೊದಲ ಹೆಜ್ಜೆಗೇ ಆಮ್ಲಜನಕ ಇಲ್ಲದಿದ್ದರೆ ಹಸಿವಿದ್ದೂ ಉಪಯೋಗವಿಲ್ಲ.

ಹಾಗೆಂದು ಆಮ್ಲಜನಕ ಮುಗಿದಲ್ಲಿ ಎಲ್ಲವೂ ನಿಲ್ಲುವುದಿಲ್ಲ. ಥೌಯೇರಾ ಅರೊಮ್ಯಾಟಿಕಾ ಎಂಬ ಬ್ಯಾಕ್ಟೀರಿಯಾ ನೈಟ್ರೇಟ್ ಬಳಸಿಕೊಂಡು ಬದುಕುತ್ತ ಪೆಟ್ರೋಲಿನ ಇನ್ನೊಂದು ಅಂಶವಾದ ಟಾಲ್ವೀನ್ ಅನ್ನು ಫ್ಯೂಮರೇಟ್ ಎಂಬ ಅಣುವಿಗೆ ಜೋಡಿಸಿ ಜೀರ್ಣಿಸಿಕೊಳ್ಳುತ್ತದೆ. ಬೆಂಜೀನ್ ಮಾತ್ರ ಆಮ್ಲಜನಕವಿಲ್ಲದಲ್ಲಿ ಒಡೆಯುವುದು ಬಲು ನಿಧಾನ.

ಎಂಟಿಬಿಇ ಇನ್ನೂ ಹಟಮಾರಿ. ಪೆಟ್ರೋಲಿನ ಆಕ್ಟೇನ್ ಹೆಚ್ಚಿಸಲು ಬೆರೆಸುತ್ತಿದ್ದ ಈ ಈಥರ್ ನೀರಿನಲ್ಲಿ ಸುಲಭವಾಗಿ ಕರಗಿ ದೂರ ಹರಿಯುತ್ತದೆ. 1996ರಲ್ಲಿ ಇದರಿಂದಾಗಿ ಕ್ಯಾಲಿಫೋರ್ನಿಯಾದ ಸಾಂಟಾ ಮೋನಿಕಾ ನಗರ ಕುಡಿಯುವ ನೀರಿನ ಬಾವಿಗಳನ್ನು ಮುಚ್ಚಬೇಕಾಯಿತು. ಇದನ್ನೇ ಆಹಾರವಾಗಿಸಿಕೊಂಡ ಬ್ಯಾಕ್ಟೀರಿಯಾ, ಮೆಥಿಲಿಬಿಯಂ ಪೆಟ್ರೋಲೀಫಿಲಂ, ಲಾಸ್ ಏಂಜಲೀಸ್‌ನ ತ್ಯಾಜ್ಯನೀರು ಘಟಕದ ಕಾಂಪೋಸ್ಟ್ ಶೋಧಕದಲ್ಲಿ ಸಿಕ್ಕಿತು. ಪ್ರಯೋಗಾಲಯದ ಸೃಷ್ಟಿಯಲ್ಲ, ಅಲ್ಲೇ ಬೆಳೆದದ್ದು.

ಕೀರ್ತಿಯೆಲ್ಲ ಸಂದದ್ದು ಮಾತ್ರ ಇನ್ನೊಂದಕ್ಕೆ. ವಿಜ್ಞಾನಿ ಆನಂದ ಮೋಹನ ಚಕ್ರವರ್ತಿ ರೂಪಿಸಿದ ತೈಲಭಕ್ಷಕ ಸೂಡೋಮೊನಾಸ್‌ಗೆ ಪೇಟೆಂಟ್ ಕೊಡಬಹುದೆಂದು ಅಮೆರಿಕದ ಸುಪ್ರೀಂ ಕೋರ್ಟ್ 1980ರಲ್ಲಿ ತೀರ್ಪಿತ್ತಿತು. ಜೈವಿಕ ಪೇಟೆಂಟಿನ ಇತಿಹಾಸದಲ್ಲಿ ಅದು ಮೈಲಿಗಲ್ಲು. ತೈಲ ಸೋರಿದ ಜಾಗಕ್ಕೆ ಆ ಜೀವಿ ಇಳಿಯಲೇ ಇಲ್ಲ.

ಆದ್ದರಿಂದ ಬಂಕಿನ ನೆಲದಡಿಯ ಟ್ಯಾಂಕ್ ಸೋರಿದಾಗ ಬ್ಯಾಕ್ಟೀರಿಯಾ ಪುಡಿಯ ಪೊಟ್ಟಣ ಕೊಳ್ಳುವುದಕ್ಕಿಂತ ಮೊದಲು ಆಗಬೇಕಾದ ಕೆಲಸಗಳು ಎರಡು: ಸೋರಿಕೆ ನಿಲ್ಲಿಸುವುದು, ಅಲ್ಲಿನ ಅಂತರ್ಜಲದಲ್ಲಿ ಆಮ್ಲಜನಕ, ನೈಟ್ರೇಟ್ ಮತ್ತು ರಂಜಕ ಎಷ್ಟಿವೆ ಎಂದು ಅಳೆಯುವುದು.