ಪಿಷ್ಟ ಕಳೆದ ಬ್ರೆಡ್ಡಿನ ಕಥೆ

ರಾತ್ರಿ ಊಟದ ಹೊತ್ತಿಗೆ ಯಾರ ಮನೆಗೆ ಹೋದರೂ ಕೇಳಿಬರುವ ಮಾತೊಂದಿದೆ: ‘ನನಗೆ ಅನ್ನ ಬೇಡಮ್ಮ, ಶುಗರ್ ಇದೆ. ಎರಡು ಚಪಾತಿ ಸಾಕು.’ ಮಂಡ್ಯ, ಹಾಸನದ ಕಡೆಯಾದರೆ ಚಪಾತಿಯ ಜಾಗಕ್ಕೆ ಮುದ್ದೆ ಬರುತ್ತದೆ. ಅನ್ನ ಬಿಟ್ಟವರ ಮುಖದಲ್ಲಿ ವ್ರತ ಹಿಡಿದವರ ಗಾಂಭೀರ್ಯವೂ ಇರುತ್ತದೆ. ಆದರೆ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಬಹುಕಾಲದಿಂದ ಪ್ರಕಟಿಸುತ್ತ ಬಂದ ಆಹಾರ ಕೋಷ್ಟಕವನ್ನು ತೆರೆದು ನೋಡಿದರೆ ಈ ಗಾಂಭೀರ್ಯ ಸ್ವಲ್ಪ ಅಲುಗಾಡುತ್ತದೆ. 100 ಗ್ರಾಂ ಪಾಲಿಶ್ ಅಕ್ಕಿಯಲ್ಲಿ ಸುಮಾರು 78 ಗ್ರಾಂ ಶರ್ಕರಪಿಷ್ಟ, ರಾಗಿಯಲ್ಲಿ 72, ಗೋಧಿ ಹಿಟ್ಟಿನಲ್ಲಿ 69. ರಾಗಿಯಲ್ಲಿ ನಾರೂ ಸುಣ್ಣದ ಅಂಶವೂ ಹೆಚ್ಚು, ನಿಜ. ಆದರೂ ಪಿಷ್ಟವೆಂಬುದು ಅಕ್ಕಿಯ ಬಾಗಿಲಿನಿಂದ ಹೊರಹೋಗಿ ಗೋಧಿಯ ಬಾಗಿಲಿನಿಂದ ಒಳಬಂದಂತೆಯೇ ಆಯಿತು. ಚಪಾತಿಯಿಂದ ಆಗುವ ಲಾಭ ಬಹುಶಃ ಇಷ್ಟು: ಚಪಾತಿಯನ್ನು ಎಣಿಸಿ ತಿನ್ನುತ್ತೇವೆ, ಅನ್ನವನ್ನು ಎಣಿಸುವುದಿಲ್ಲ.

ಈ ಬದಲಿ ಹುಡುಕುವ ಕೆಲಸ ಇಂದು ನಿನ್ನೆಯದಲ್ಲ. ಚರಕ ಸಂಹಿತೆ ಪ್ರಮೇಹ ರೋಗಿಗೆ ಜವೆಗೋಧಿಯನ್ನೇ ಮುಖ್ಯ ಆಹಾರವಾಗಿ ವಿಧಿಸುತ್ತದೆ. ದನ, ಕುದುರೆ, ಕತ್ತೆಗಳಿಗೆ ತಿನ್ನಿಸಿ, ಅವುಗಳ ಸಗಣಿ ಲದ್ದಿಯಿಂದ ಆರಿಸಿ ತೆಗೆದ ಜವೆಯೂ ಆ ಪಟ್ಟಿಯಲ್ಲಿದೆ! ಜವೆಯೂ ಪಿಷ್ಟವೇ. ಹಿಟ್ಟಿನೊಳಗಿನ ಪಿಷ್ಟವನ್ನೇ ತೆಗೆದುಹಾಕಿ ಉಳಿದದ್ದನ್ನು ಬಡಿಸುವ ಸಾಹಸ ನಡೆದದ್ದು ಬಹಳ ಕಾಲದ ಮೇಲೆ, ಬ್ರೆಡ್ಡೇ ಅನ್ನವಾಗಿದ್ದ ಯುರೋಪಿನಲ್ಲಿ.

1776ರಲ್ಲಿ ಇಂಗ್ಲೆಂಡಿನ ವೈದ್ಯ ಮ್ಯಾಥ್ಯೂ ಡಾಬ್ಸನ್ ರೋಗಿಯ ಮೂತ್ರವನ್ನು ಇಂಗಿಸಿ, ಉಳಿದದ್ದು ಸಕ್ಕರೆಯೇ ಎಂದು ತೋರಿಸಿದ. ಸಕ್ಕರೆ ಹೊರಬರುತ್ತಿದ್ದರೆ ಒಳಗೆ ಹೋಗುವುದನ್ನು ತಡೆಯಬೇಕಲ್ಲವೆ? ಫಿರಂಗಿ ದಳದ ವೈದ್ಯ ಜಾನ್ ರೋಲೊ 1796ರಲ್ಲಿ ಮೆರೆಡಿತ್ ಎಂಬ ಕ್ಯಾಪ್ಟನ್‌ಗೆ ವಿಧಿಸಿದ ಪಥ್ಯದಲ್ಲಿ ಹಾಲಿಗೆ ಸುಣ್ಣದ ತಿಳಿ ಬೆರೆಸಿದ್ದು, ರಕ್ತ ಮತ್ತು ಕೊಬ್ಬಿನ ಕಡುಬು, ಹಳಸಿದ ಮಾಂಸ ಎಲ್ಲವೂ ಇದ್ದವು. ಓದಿದರೇ ಹೊಟ್ಟೆ ತೊಳಸುತ್ತದೆ. ಆದರೂ ಮೆರೆಡಿತ್ ಸುಧಾರಿಸಿಕೊಂಡ. ಸೋಜಿಗವೆಂದರೆ, ಇಂಥ ಪಥ್ಯದಲ್ಲೂ ಬೆಳಗಿನ ಹೊತ್ತು ಬ್ರೆಡ್ಡು ಬೆಣ್ಣೆ ಉಳಿದಿತ್ತು. ಹಳಸಿದ ಮಾಂಸ ತಿನ್ನಿಸಿದ ರೋಲೊ ಕೂಡ ಬ್ರೆಡ್ಡನ್ನು ಪೂರ್ತಿ ಕಿತ್ತುಕೊಳ್ಳಲಿಲ್ಲ.

ಈ ಬ್ರೆಡ್ಡಿಗೇ ಕೈಹಾಕಿದವನು ಪ್ಯಾರಿಸ್ಸಿನ ಆಸ್ಪತ್ರೆಯೊಂದರ ಔಷಧ ವಿಭಾಗದಲ್ಲಿದ್ದ ಅಪೊಲಿನೇರ್ ಬೂಶಾರ್ದಾ. 1840ರ ದಶಕದ ಆರಂಭದಲ್ಲಿ ಆತ ರೋಗಿಗಳಿಗೆ ಗ್ಲುಟೆನ್ ಬ್ರೆಡ್ಡನ್ನು ಕೊಡತೊಡಗಿದ. ಗ್ಲುಟೆನ್ ಎಂದರೇನು ಎಂಬುದನ್ನು ಹೋಳಿಗೆ ಮಾಡುವವರಿಗೆ ವಿವರಿಸಬೇಕಿಲ್ಲ. ಕಣಕ ಹರಿಯದೆ ರಬ್ಬರಿನಂತೆ ಎಳೆಯುವುದು ಅದರಿಂದಲೇ. ಆ ಕಣಕವನ್ನು ನೀರಿನಲ್ಲಿ ಹಿಸುಕುತ್ತ ಹೋದರೆ ನೀರು ಹಾಲಿನಂತೆ ಬೆಳ್ಳಗಾಗುತ್ತದೆ. ಬೆಳ್ಳಗೆ ಹೋದದ್ದು ಪಿಷ್ಟ. ಕೈಯಲ್ಲಿ ಉಳಿಯುವ ಅಂಟು ಮುದ್ದೆ ಗ್ಲುಟೆನ್. ಇಟಲಿಯ ಬೆಕಾರಿ ಎಂಬಾತ ಬೂಶಾರ್ದಾನಿಗೆ ನೂರು ವರ್ಷ ಮೊದಲೇ, 1745ರಲ್ಲಿ, ಇದನ್ನು ಬರೆದಿಟ್ಟಿದ್ದ. ಚೀನಾದ ಬೌದ್ಧ ವಿಹಾರಗಳ ಅಡುಗೆಯವರಿಗಂತೂ ಅದಕ್ಕಿಂತ ಎಷ್ಟೋ ಮೊದಲೇ ಗೊತ್ತಿತ್ತು. ಅವರಿಗೆ ಅದು ಮಾಂಸದ ಬದಲಿ. ನಮ್ಮ ಮನೆಗಳಲ್ಲಿ ಗೋಧಿ ಹಾಲುಬಾಯಿ ಮಾಡುವಾಗ ನೆನೆಸಿದ ಗೋಧಿಯನ್ನು ರುಬ್ಬಿ, ಹಿಂಡಿ, ಹಾಲು ಇಟ್ಟುಕೊಂಡು ಜಿಗುಟು ಚರಟವನ್ನು ಎಸೆಯುತ್ತೇವೆ. ಬೂಶಾರ್ದಾ ಮಾಡಿದ್ದು ಸರಿಯಾಗಿ ಇದರ ತಿರುವುಮುರುವು.

ಬೂಶಾರ್ದಾ ಕಟ್ಟುನಿಟ್ಟಿನ ಮನುಷ್ಯ. ತರಕಾರಿ ಬೇಯಿಸಿದ ನೀರನ್ನು ಚೆಲ್ಲಿಸುತ್ತಿದ್ದ, ರೋಗಿಗಳಿಂದ ಬೆವರು ಬರುವಷ್ಟು ಕೆಲಸ ಮಾಡಿಸುತ್ತಿದ್ದ. 1870-71ರಲ್ಲಿ ಪ್ರಷ್ಯಾದ ಸೇನೆ ಪ್ಯಾರಿಸ್ಸಿಗೆ ಮುತ್ತಿಗೆ ಹಾಕಿ ನಗರಕ್ಕೆ ಆಹಾರ ಬರದಂತಾದಾಗ, ತನ್ನ ರೋಗಿಗಳ ಮೂತ್ರದಲ್ಲಿ ಸಕ್ಕರೆ ಇಳಿದದ್ದನ್ನು ಆತ ಗಮನಿಸಿದ. ಇಡೀ ಊರು ಹಸಿವಿನಿಂದ ನರಳುತ್ತಿದ್ದಾಗ ಸಕ್ಕರೆ ಕಾಯಿಲೆಯವರು ಮಾತ್ರ ಸ್ವಲ್ಪ ಸುಧಾರಿಸಿದ್ದರು.

ಆದರೆ ಬರೀ ಗ್ಲುಟೆನ್ನಿನಿಂದ ಬ್ರೆಡ್ಡು ಮಾಡಿದರೆ ಅದು ಜಗಿಯಲಾರದ ಟೊಳ್ಳು ರಬ್ಬರಾಗುತ್ತದೆ. ಬಾಯಿಗೆ ಹಿಡಿಸಬೇಕಾದರೆ ಒಂದಿಷ್ಟು ಪಿಷ್ಟ ಇರಲೇಬೇಕು. ಹಾಗಾಗಿ ಹುಡುಕಾಟ ಮುಂದುವರಿಯಿತು. ಸ್ವತಃ ಸಕ್ಕರೆ ಕಾಯಿಲೆಯಿದ್ದ ಇಂಗ್ಲಿಷ್ ವೈದ್ಯ ಕ್ಯಾಂಪ್ಲಿನ್ ಗೋಧಿ ಬೂಸವನ್ನು ಮತ್ತೆ ಮತ್ತೆ ತೊಳೆದು, ಒಣಗಿಸಿ, ನುಣ್ಣಗೆ ಬೀಸಿ, ಮೊಟ್ಟೆ ಬೆಣ್ಣೆ ಹಾಕಿ ಬಿಲ್ಲೆ ಸುಟ್ಟುಕೊಂಡ. ಲಂಡನ್ನಿನ ಗೈಸ್ ಆಸ್ಪತ್ರೆಯ ಪೇವಿ ಬಾದಾಮಿ ಹಿಟ್ಟಿನ ಬಿಸ್ಕತ್ತುಗಳನ್ನು ಸೂಚಿಸಿದ. ಇಂದು ಬೆಂಗಳೂರಿನ ಅಂಗಡಿಗಳಲ್ಲಿ ಹೊಸ ಶೋಧವೆಂಬಂತೆ ದುಬಾರಿ ಬೆಲೆಗೆ ಮಾರಾಟವಾಗುವ ಬಾದಾಮಿ ಹಿಟ್ಟಿಗೆ ಹೀಗೆ ನೂರೈವತ್ತು ವರ್ಷಕ್ಕೂ ಹೆಚ್ಚು ವಯಸ್ಸು. ಆಗಲೂ ಅದು ಉಳ್ಳವರ ತಿಂಡಿಯೇ.

ಬೇಡಿಕೆ ಇದ್ದಲ್ಲಿ ಮೋಸವೂ ಇರುತ್ತದೆ. ‘ಮಧುಮೇಹಿಗಳಿಗಾಗಿ’ ಎಂಬ ಚೀಟಿ ಅಂಟಿಸಿಕೊಂಡ ಹಿಟ್ಟು, ಬಿಸ್ಕತ್ತುಗಳು ಯುರೋಪು ಅಮೆರಿಕಗಳ ಮಾರುಕಟ್ಟೆಗೆ ಬಂದವು. ಅಮೆರಿಕದ ಕನೆಕ್ಟಿಕಟ್ ಕೃಷಿ ಪ್ರಯೋಗ ಕೇಂದ್ರ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇವನ್ನು ತರಿಸಿ ಪರೀಕ್ಷಿಸಿತು. ಗ್ಲುಟೆನ್ ಹಿಟ್ಟೆಂದು ಮಾರುತ್ತಿದ್ದ ಕೆಲವಕ್ಕೂ ಮಾಮೂಲಿ ಗೋಧಿ ಹಿಟ್ಟಿಗೂ ಹೆಚ್ಚು ವ್ಯತ್ಯಾಸವೇ ಇರಲಿಲ್ಲ. ಹೆಚ್ಚು ಹಣ ಕೊಟ್ಟು, ಬದುಕುವ ಆಸೆಯಿಂದ, ಜನ ತಮಗೆ ವಿಷವಾದದ್ದನ್ನೇ ಕೊಂಡು ತಿನ್ನುತ್ತಿದ್ದರು.

ಮೈ ಕರಗಿಸುವ ಪಥ್ಯವೂ ಇದೇ ಬೇರಿನಿಂದ ಹೊರಟದ್ದು. ಲಂಡನ್ನಿನಲ್ಲಿ ಶವಸಂಸ್ಕಾರದ ಏರ್ಪಾಡು ಮಾಡುತ್ತಿದ್ದ ವಿಲಿಯಂ ಬ್ಯಾಂಟಿಂಗ್, ಬ್ರೆಡ್ಡು, ಆಲೂಗಡ್ಡೆ, ಸಕ್ಕರೆ, ಬಿಯರ್ ಬಿಟ್ಟು ಒಂದೇ ವರ್ಷದಲ್ಲಿ 20 ಕಿಲೋ ಇಳಿದ. ಅದನ್ನು 1863ರಲ್ಲಿ ಕಿರುಪುಸ್ತಕವಾಗಿ ಬರೆದು ಹಂಚಿದ. ಆತನ ವೈದ್ಯ ಹಾರ್ವೆ ಈ ವಿಚಾರ ಹೊತ್ತು ತಂದದ್ದು ಪ್ಯಾರಿಸ್ಸಿನಲ್ಲಿ ಸಕ್ಕರೆ ಕಾಯಿಲೆಯ ಬಗ್ಗೆ ಕೇಳಿದ ಉಪನ್ಯಾಸದಿಂದ. ಸ್ವೀಡನ್ನಿನಲ್ಲಿ ಇಂದಿಗೂ ಪಥ್ಯ ಮಾಡುವುದಕ್ಕೆ ‘ಬಾಂಟಾ’ ಎನ್ನುತ್ತಾರೆ. ಆದರೆ ಬೊಜ್ಜಿನವರಿಗೆ ಪಥ್ಯ ತಪ್ಪಿದರೆ ಸೊಂಟದ ಪಟ್ಟಿಗೆ ತೊಂದರೆ, ಅಷ್ಟೆ. ಸಕ್ಕರೆ ಕಾಯಿಲೆಯ ಮಕ್ಕಳ ಸ್ಥಿತಿ ಹಾಗಿರಲಿಲ್ಲ.

ಆ ಕಾಲದಲ್ಲಿ ಈ ಕಾಯಿಲೆ ಬಂದ ಮಗು ಸಾಮಾನ್ಯವಾಗಿ ಒಂದೆರಡು ವರ್ಷ ಉಳಿದರೆ ಹೆಚ್ಚು. ನ್ಯೂಯಾರ್ಕಿನ ರಾಕ್‌ಫೆಲ್ಲರ್ ಸಂಸ್ಥೆಯಲ್ಲಿದ್ದ ಫ್ರೆಡರಿಕ್ ಆಲನ್ 1914ರ ಸುಮಾರಿಗೆ ಬದಲಿ ಹುಡುಕಾಟವನ್ನು ಅದರ ಕೊನೆಯ ಅಂಚಿಗೆ ಒಯ್ದ. ಮೂತ್ರದಲ್ಲಿ ಸಕ್ಕರೆ ಮಾಯವಾಗುವವರೆಗೆ ಉಪವಾಸ. ಆಮೇಲೆ ಮೂರು ಸಲ ಬೇಯಿಸಿ ಮೂರು ಸಲ ನೀರು ಚೆಲ್ಲಿದ ಸೊಪ್ಪು, ತೊಳೆದ ಬೂಸದ ಬಿಲ್ಲೆ. ಬಾಯಿಗೆ ಏನೋ ಸಿಕ್ಕಿತು, ಮೈಗೆ ಏನೂ ಸೇರಲಿಲ್ಲ. ಆಲನ್ ಕ್ರೂರಿಯಾಗಿರಲಿಲ್ಲ, ಆತನ ಬಳಿ ಬೇರೆ ಏನೂ ಇರಲಿಲ್ಲ.

ಆತನ ರೋಗಿಗಳಲ್ಲಿ ಹನ್ನೆರಡು ವರ್ಷದ ಹುಡುಗನೊಬ್ಬನಿದ್ದ. ಕಾಯಿಲೆಯಿಂದ ಆಗಲೇ ಕುರುಡನಾಗಿದ್ದ. ಎಷ್ಟು ಬಿಗಿ ಮಾಡಿದರೂ ಅವನ ಮೂತ್ರದಲ್ಲಿ ಸಕ್ಕರೆ ಕಾಣಿಸಿಕೊಳ್ಳುತ್ತಿತ್ತು. ಯಾರೋ ಕದ್ದು ತಂದುಕೊಡುತ್ತಿದ್ದಾರೆಂದು ಅನುಮಾನಿಸಿ ಅವನನ್ನು ಒಂಟಿಯಾಗಿಟ್ಟರು. ಕೊನೆಗೆ ನಿಜ ತಿಳಿಯಿತು: ಹುಡುಗ ಹಲ್ಲುಜ್ಜುವ ಪೇಸ್ಟು ತಿನ್ನುತ್ತಿದ್ದ. ಜೊತೆಗಿರಲೆಂದು ಕೇಳಿ ಪಡೆದಿದ್ದ ಕ್ಯಾನರಿ ಹಕ್ಕಿಯ ಪಂಜರದಿಂದ ಕಾಳು ಎತ್ತಿ ತಿನ್ನುತ್ತಿದ್ದ. ಅವನು ಉಳಿಯಲಿಲ್ಲ.

1922ರ ಜನವರಿಯಲ್ಲಿ ಟೊರಾಂಟೋದಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ 14 ವರ್ಷದ ಹುಡುಗನಿಗೆ ಇನ್ಸುಲಿನ್ ಚುಚ್ಚಲಾಯಿತು. ಅದನ್ನು ಕಂಡುಹಿಡಿದವರಲ್ಲಿ ಒಬ್ಬನ ಹೆಸರೂ ಬ್ಯಾಂಟಿಂಗ್, ಈತ ಫ್ರೆಡರಿಕ್. ಅದೇ ವರ್ಷ ಆಗಸ್ಟಿನಲ್ಲಿ ಆಲನ್‌ನ ಇನ್ನೊಬ್ಬ ರೋಗಿ, ಅಮೆರಿಕದ ವಿದೇಶಾಂಗ ಮಂತ್ರಿಯ ಮಗಳು ಎಲಿಜಬೆತ್ ಹ್ಯೂಸ್, ಅಮ್ಮನ ಜೊತೆ ಟೊರಾಂಟೋಗೆ ಬಂದಳು. ಹದಿನೈದು ತುಂಬುತ್ತಿದ್ದ ಹುಡುಗಿಯ ತೂಕ ಸುಮಾರು 20 ಕಿಲೋ. ಮೂರು ವರ್ಷ ಅವಳು ಗ್ರಾಂ ಲೆಕ್ಕದಲ್ಲಿ ತೂಗಿದ ಊಟ ತಿಂದು ಬದುಕಿದ್ದಳು. ಇನ್ಸುಲಿನ್ ಶುರುವಾದ ಕೆಲವೇ ವಾರಗಳಲ್ಲಿ ಬಿಳಿ ಬ್ರೆಡ್ಡು, ಆಲೂಗಡ್ಡೆಗಳು ಅವಳ ತಟ್ಟೆಗೆ ಮರಳಿದವು. ಅಮ್ಮ ವಾಷಿಂಗ್ಟನ್ನಿಗೆ ವಾಪಸಾದ ಮೇಲೆ ಅವಳು ಬರೆದ ಕಾಗದಗಳ ತುಂಬ ಊಟದ್ದೇ ವರ್ಣನೆ. ಆಕೆ 1981ರವರೆಗೆ ಬದುಕಿದ್ದಳು.