ಮಾನಸಿಕ ಕಾಯಿಲೆಗೆ ಬೆಂಗಳೂರಿಗೇ ಬರಬೇಕೆ? ಇಲ್ಲಿದೆ ನಿಜಾಂಶ

ಮಾನಸಿಕ ಕಾಯಿಲೆ ಬಂದರೆ ನಿಮ್ಹಾನ್ಸ್ ಬಿಟ್ಟು ಬೇರೆ ದಾರಿಯಿಲ್ಲ ಎಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ. ಇದು ನಿಜವಲ್ಲ.

ಸುದ್ದಗುಂಟೆಪಾಳ್ಯಕ್ಕೆ ಹತ್ತಿರದಲ್ಲಿರುವ ಇದೇ ನಿಮ್ಹಾನ್ಸ್, 1970ರ ದಶಕದಲ್ಲೇ ಆನೇಕಲ್ ತಾಲ್ಲೂಕಿನ ಸಕಲವಾರದಲ್ಲಿ ಗ್ರಾಮೀಣ ಕೇಂದ್ರ ತೆರೆಯಿತು. 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಪ್ರಯೋಗ ನಡೆಯಿತು: ಆರೋಗ್ಯ ಕಾರ್ಯಕರ್ತರು ರೋಗಿಗಳನ್ನು ಗುರುತಿಸಬೇಕು, ತರಬೇತಿ ಪಡೆದ ಸ್ಥಳೀಯ ವೈದ್ಯರೇ ಔಷಧಿ ಕೊಡಬೇಕು, ಕಷ್ಟದ ಪ್ರಕರಣಗಳು ಮಾತ್ರ ತಜ್ಞರಿಗೆ ಹೋಗಬೇಕು. ಈ 'ಬಳ್ಳಾರಿ ಮಾದರಿ'ಯೇ 1996ರಲ್ಲಿ ಆರಂಭವಾದ ರಾಷ್ಟ್ರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಆಧಾರ.

ಬಸ್ ಖರ್ಚು, ಕೂಲಿ ನಷ್ಟಕ್ಕೆ ಹೆದರಿ ಮಾತ್ರೆ ಅರ್ಧಕ್ಕೇ ನಿಲ್ಲಿಸಿದರೆ ಕಾಯಿಲೆ ಮರುಕಳಿಸಬಹುದು. ಹಾಗಾಗಿ ಮೊದಲು ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ವಿಚಾರಿಸಿ. ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಫಾರ್ವರ್ಡ್ ಮಾಡುವುದಾದರೆ ಈ ಸಂಖ್ಯೆಯನ್ನು ಮಾಡಿ.